ನಮ್ಮ ಕೂಟಗಳನ್ನು ಬೆಳೆಸುವುದಾದರೆ: ಶಿವಮೊಗ್ಗ ಜಿಲ್ಲಾಡಳಿತಕ್ಕೂ ನಾಗರಿಕರಿಗೂ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು ಹಾಗೂ ಶಿವಮೊಗ್ಗ ಜಿಲ್ಲೆಯ ಸಾರ್ವಜನಿಕರಿಗೆ

ಮಾನ್ಯರೇ,

ಮಾನಸಿಕ ಕಾಯಿಲೆಯನ್ನು ಸ್ವತಃ ಅನುಭವಿಸಿದವರು ಮತ್ತು ಅಂಥವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರು ಸೇರಿ ನಡೆಸುತ್ತಿರುವ ಒಂದು ಚಿಕ್ಕ ಸೇವಾ ಬಳಗದ ಪರವಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾನೂ ಹಲವು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿರುವವನು. ಜಿಲ್ಲೆಯ ಕೆಲವು ಊರುಗಳಲ್ಲಿ ನಡೆಯುವ, ಒಬ್ಬರಿಗೊಬ್ಬರು ನೆರವಾಗುವ ನಮ್ಮ ಕೂಟಗಳಲ್ಲಿ ಒಂದನ್ನು ನಡೆಸುವ ಇಬ್ಬರಲ್ಲಿ ಒಬ್ಬ. ಈ ಕೂಟಗಳಿಂದ ಪ್ರಯೋಜನವಾಗುತ್ತಿದೆ ಎಂಬ ಮಾತು ಅಲ್ಲಲ್ಲಿ ಹರಡಿ, ಒಂದೇ ಆರ್ಥಿಕ ವರ್ಷದೊಳಗೆ ಪ್ರತಿ ಗ್ರಾಮ ಪಂಚಾಯತಿಗೆ ಒಂದರಂತೆ ಅವನ್ನು ವಿಸ್ತರಿಸಬಹುದೇ ಎಂದು ಅಧಿಕಾರಿಗಳೂ ದಾನಿಗಳೂ ನಮ್ಮನ್ನು ಕೇಳತೊಡಗಿದ್ದಾರೆ. ಕೇಳಿದ್ದಕ್ಕೆ ನಾವು ಕೃತಜ್ಞರು. ಉತ್ತರವನ್ನು ಬಹಿರಂಗವಾಗಿ ಬರೆಯಲು ಕಾರಣವಿದೆ: ಕೂಟಗಳು ಬೆಳೆಯಲು ಬೇಕಾದುದರಲ್ಲಿ ಅರ್ಧ ಸರ್ಕಾರದ ಕೈಯಲ್ಲಿದ್ದರೆ ಇನ್ನರ್ಧ ಊರಿನವರ ಕೈಯಲ್ಲಿದೆ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕೂಟಗಳು ಹೆಚ್ಚಾಗಬೇಕೆಂಬುದು ನಮ್ಮ ಆಸೆಯೂ ಹೌದು. ಆದರೆ ಹೊಸ ಕೂಟವೊಂದು ಹುಟ್ಟುವುದು ಅದನ್ನು ನಡೆಸಬಲ್ಲ ಇಬ್ಬರು ಹಳೆಯ ಕೂಟವೊಂದರಲ್ಲಿ ಕುಳಿತು ಪಳಗಿದ ಮೇಲೆ. ಆ ಇಬ್ಬರು ಸಿದ್ಧರಾಗುವ ಮೊದಲೇ ಫಲಕ ಹಾಕಿ ಉದ್ಘಾಟನೆ ಮಾಡಿದರೆ, ಅಲ್ಲಿ ನಡೆಯುವುದು ಇನ್ನೊಂದು ಜಾಗೃತಿ ಭಾಷಣವಷ್ಟೆ. ಆದ್ದರಿಂದ ಜಾಗ, ಔಷಧಿ, ಗೌರವಧನ, ವೈದ್ಯರ ಸಂಪರ್ಕ ಮುಂತಾಗಿ ಸರ್ಕಾರ ಮಾತ್ರ ಕೊಡಬಲ್ಲದ್ದನ್ನು ತಾವು ಕೊಡಬೇಕು; ಎಷ್ಟು ಕೂಟಗಳು, ಎಲ್ಲಿ, ಯಾವ ವೇಗದಲ್ಲಿ ಎಂಬುದನ್ನು ನಮ್ಮೊಡನೆ ಕುಳಿತು ತೀರ್ಮಾನಿಸಬೇಕು.

ಕೂಟ ಎಂದರೆ ಏನೆಂದು ತಿಳಿಯದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಹತ್ತು ಹನ್ನೆರಡು ಮಂದಿ ಒಂದು ಕೋಣೆಯಲ್ಲಿ ವೃತ್ತಾಕಾರವಾಗಿ ಕುಳಿತುಕೊಳ್ಳುತ್ತಾರೆ. ವೇದಿಕೆಯಿಲ್ಲ, ಉಪನ್ಯಾಸವಿಲ್ಲ, ಕೇಳದ ಹೊರತು ಸಲಹೆಯೂ ಇಲ್ಲ. ಮಾತನಾಡಲೇಬೇಕೆಂಬ ಒತ್ತಾಯವಿಲ್ಲದ ಕಾರಣ, ಮೊದಲ ಕೆಲವು ತಿಂಗಳು ಚಹಾ ಕುಡಿದು ಸುಮ್ಮನೆ ಎದ್ದುಹೋಗುವವರೂ ಉಂಟು. ಹೊರಗಿನಿಂದ ನೋಡಿದವರಿಗೆ ಇದು ಹರಟೆಯಂತೆ ಕಾಣಬಹುದು. ಆದರೆ ಅಲ್ಲಿ ವಿನಿಮಯವಾಗುವ ತಿಳಿವಳಿಕೆ ಬಹಳ ನಿರ್ದಿಷ್ಟವಾದದ್ದು. ಅಡಿಕೆ ಮರ ಹತ್ತಿ ಗೊನೆ ಇಳಿಸುವ ವ್ಯಕ್ತಿಯೊಬ್ಬರಿಗೆ ಹೊಸ ಮಾತ್ರೆ ಶುರುವಾದ ಮೇಲೆ ಬೆಳಿಗ್ಗೆ ಮಂಪರು ಕವಿಯುವುದು, ಥಟ್ಟನೆ ಎದ್ದರೆ ತಲೆ ಸುತ್ತುವುದು ಆರಂಭವಾಗುತ್ತದೆ ಎಂದುಕೊಳ್ಳಿ. ಅವರ ಪಾಲಿಗೆ ಅದು ಸಣ್ಣ ಅಡ್ಡಪರಿಣಾಮವಲ್ಲ. ಜೀವಕ್ಕೂ ಕೂಲಿಗೂ ಬಂದ ಕುತ್ತು. ವೈದ್ಯರ ಮುಂದೆ ಸಿಗುವ ನಾಲ್ಕೈದು ನಿಮಿಷಗಳಲ್ಲಿ ಅವರು ತಮ್ಮ ಕಸುಬನ್ನೇ ಹೇಳಿರುವುದಿಲ್ಲ. ಹೇಳದೆ ಮಾತ್ರೆಯನ್ನು ತಾವೇ ನಿಲ್ಲಿಸುತ್ತಾರೆ. ಕೂಟದಲ್ಲಿ ಅದೇ ತೊಂದರೆಯನ್ನು ದಾಟಿಬಂದ ಇನ್ನೊಬ್ಬರು, ‘ನಿಲ್ಲಿಸಬೇಡಿ, ಮರ ಹತ್ತುವ ಕೆಲಸ ಅಂತ ಡಾಕ್ಟರಿಗೆ ಹೇಳಿ, ಹೊತ್ತನ್ನೋ ಮಾತ್ರೆಯನ್ನೋ ಬದಲಾಯಿಸಲಾಗುತ್ತದೆಯೇ ಅಂತ ಕೇಳಿ, ಅಲ್ಲಿಯವರೆಗೆ ಮರ ಹತ್ತಬೇಡಿ’ ಎನ್ನುತ್ತಾರೆ. ಅಷ್ಟರಿಂದ ಎಷ್ಟೋ ಚಿಕಿತ್ಸೆಗಳು ಅರ್ಧಕ್ಕೆ ನಿಲ್ಲುವುದು ತಪ್ಪುತ್ತದೆ.

ಮನಸ್ಥಿತಿಯ ವಿಪರೀತ ಏರಿಳಿತವನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರ ವಿಷಯವೂ ಹೀಗೆಯೇ. ಬಿಸಿಲಲ್ಲಿ ದುಡಿದು ವಿಪರೀತ ಬೆವರಿದರೆ, ವಾಂತಿಭೇದಿಯಾದರೆ, ಉಪ್ಪು ಬಿಟ್ಟು ವ್ರತ ಹಿಡಿದರೆ, ಮೈಕೈ ನೋವಿಗೆಂದು ಅಂಗಡಿಯಿಂದ ಕೆಲವು ಬಗೆಯ ನೋವಿನ ಮಾತ್ರೆ ತಂದು ನುಂಗಿದರೆ, ರಕ್ತದಲ್ಲಿ ಲಿಥಿಯಂ ಪ್ರಮಾಣ ಅಪಾಯಕ್ಕೆ ಏರಬಹುದು. ಇದು ವೈದ್ಯರಿಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ. ಆದರೆ ಶ್ರಾವಣ ಬಂತೆಂದು ನೆನಪಿಟ್ಟು, ‘ಈ ಸಲ ಉಪವಾಸ ಮಾಡುವ ಮೊದಲು ಡಾಕ್ಟರನ್ನು ಕೇಳಿದಿರಾ, ರಕ್ತಪರೀಕ್ಷೆ ಮಾಡಿಸಿದಿರಾ’ ಎಂದು ವಿಚಾರಿಸುವುದು ಅದೇ ಮಾತ್ರೆ ತೆಗೆದುಕೊಳ್ಳುವ ಪಕ್ಕದ ಊರಿನ ಅಕ್ಕ.

ಇಂಥ ನೆರವು ಏಕೆ ಬೇಕೆಂದರೆ, ಚಿಕಿತ್ಸೆಯ ವ್ಯವಸ್ಥೆ ಎಷ್ಟೇ ಸುಧಾರಿಸಿದರೂ ಒಂದು ಭೇಟಿಗೂ ಇನ್ನೊಂದು ಭೇಟಿಗೂ ನಡುವೆ ಸಾಮಾನ್ಯವಾಗಿ ಒಂದು ತಿಂಗಳಾದರೂ ಇರುತ್ತದೆ. 2011ರ ಜನಗಣತಿಯ ಪ್ರಕಾರವೇ ನಮ್ಮ ಜಿಲ್ಲೆಯಲ್ಲಿ ಹದಿನೇಳೂವರೆ ಲಕ್ಷ ಜನರಿದ್ದಾರೆ. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆಯೆಂದೂ, ಕಾಯಿಲೆಯ ಬಗೆಯನ್ನು ಅನುಸರಿಸಿ ಅವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲವೆಂದೂ ಹೇಳಿತು. ಶಿವಮೊಗ್ಗ ಈ ವಿಷಯದಲ್ಲಿ ಹಿಂದುಳಿದ ಜಿಲ್ಲೆಯೇನಲ್ಲ. ದಿವಂಗತ ಡಾ. ಅಶೋಕ್ ಪೈ ಅವರಂಥ ಮನೋವೈದ್ಯರು ದಶಕಗಳ ಕಾಲ ಕನ್ನಡದಲ್ಲಿ ಬರೆದು, ಮಾತನಾಡಿ, ಮನಸ್ಸಿನ ಕಾಯಿಲೆಗೂ ಮದ್ದಿದೆ ಎಂಬ ನಂಬಿಕೆಯನ್ನು ಇಲ್ಲಿಯ ಸಾಮಾನ್ಯ ಮನೆಗಳಿಗೆ ಮುಟ್ಟಿಸಿದರು. ಮೆಗ್ಗಾನ್ ಆಸ್ಪತ್ರೆಯಿದೆ, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲೇ ಮನೋವೈದ್ಯರು ಸಿಗಲೆಂದು ರೂಪಿಸಿದ ಮನೋಚೈತನ್ಯ ಕಾರ್ಯಕ್ರಮವಿದೆ, 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಕನ್ನಡದಲ್ಲೂ ಸಿಗುತ್ತದೆ. ಇವುಗಳಿಗೆ ಪೈಪೋಟಿಯಾಗಿ ನಾವು ನಿಂತಿಲ್ಲ. ಇವುಗಳ ಬಾಗಿಲವರೆಗೆ ಬರಲು ಅಂಜುವವರನ್ನು ಕರೆತರುವುದು, ಒಮ್ಮೆ ಬಂದವರು ಬಿಟ್ಟುಹೋಗದಂತೆ ಜೊತೆಗಿರುವುದು ನಮ್ಮ ಕೆಲಸ.

ಇನ್ನು ಪ್ರತಿ ಗ್ರಾಮ ಪಂಚಾಯತಿಗೆ ಒಂದು ಕೂಟ ಎಂಬ ಯೋಜನೆಯ ವಿಷಯ. ಕಾಗದದ ಮೇಲೆ ಇದು ನ್ಯಾಯವಾಗಿ ಕಾಣುತ್ತದೆ. ಸೇವೆ ಮನೆಗೆ ಹತ್ತಿರವಾದಷ್ಟೂ ಒಳ್ಳೆಯದೆಂಬುದು ಲಸಿಕೆಗೆ, ಪಡಿತರಕ್ಕೆ, ಅಂಗನವಾಡಿಗೆ ಸರಿಯೂ ಹೌದು. ಆದರೆ ಮಲೆನಾಡಿನಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಇಲ್ಲಿ ಮನೆಗಳು ಒಂದಕ್ಕೊಂದು ದೂರವಿದ್ದರೂ ಸುದ್ದಿಗೆ ದೂರವಿಲ್ಲ. ಒಂದು ಪಂಚಾಯತಿಯ ವ್ಯಾಪ್ತಿಯಲ್ಲಿ ಯಾರ ಮನೆಯ ಮಗ ಬೆಂಗಳೂರಿನ ಕೆಲಸ ಬಿಟ್ಟು ಏಕೆ ವಾಪಸು ಬಂದ, ಯಾರ ಸೊಸೆ ತವರಿಗೆ ಹೋದವಳು ಏಕೆ ಮರಳಲಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಅಥವಾ ಗೊತ್ತೆಂದು ಎಲ್ಲರೂ ಭಾವಿಸುತ್ತಾರೆ. ಪಂಚಾಯತಿ ಕಟ್ಟಡದ ಕೋಣೆಯೊಂದರಲ್ಲಿ ತಿಂಗಳಿಗೆರಡು ಸಲ ಯಾರು ಹೋಗಿ ಕೂರುತ್ತಾರೆಂಬುದು ಮದುವೆ ಪ್ರಸ್ತಾಪ ತರುವವರ ಕಿವಿಗೆ ಬೀಳಲು ವಾರ ಸಾಕು. ಹಾಗಾಗಿ ನಮ್ಮ ಸದಸ್ಯರಲ್ಲಿ ಅನೇಕರು ತಮ್ಮ ಊರಿನ ಹತ್ತಿರದ ಕೂಟವನ್ನು ಬೇಕೆಂದೇ ಬಿಟ್ಟು ದೂರದ ಕೂಟಕ್ಕೆ ಬರುತ್ತಾರೆ. ಹೊಸನಗರದ ಕಡೆಯವರು ಸಾಗರಕ್ಕೆ, ಸಾಗರದವರು ಸೊರಬಕ್ಕೆ, ತೀರ್ಥಹಳ್ಳಿಯವರು ಶಿವಮೊಗ್ಗಕ್ಕೆ.

ಇದನ್ನು ಅರಿತೇ ನಾವು ಸಂತೆ ಸೇರುವ ಊರುಗಳನ್ನೂ ಬಸ್ಸುಗಳು ಕೂಡುವ ಊರುಗಳನ್ನೂ ಆರಿಸಿಕೊಳ್ಳುತ್ತಿದ್ದೇವೆ. ರಿಪ್ಪನ್‌ಪೇಟೆ, ಆನಂದಪುರ, ಕೋಣಂದೂರು, ಶಿರಾಳಕೊಪ್ಪ, ಆನವಟ್ಟಿಯಂಥ ಊರಿಗೆ ಹೋಗಲು ಯಾರೂ ಕಾರಣ ಹೇಳಬೇಕಿಲ್ಲ. ಸೊಸೈಟಿಯಲ್ಲಿ ಗೊಬ್ಬರ ಬಂದಿದೆಯೇ ನೋಡಲು, ತರಕಾರಿ ತರಲು, ಮೊಬೈಲು ರಿಪೇರಿಗೆ ಕೊಡಲು ಹೋಗಿದ್ದೆನೆಂದರೆ ಮುಗಿಯಿತು. ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಇಂಥ ಕೆಲವೇ ಊರುಗಳನ್ನು ಗುರುತಿಸಿ, ತಾಲ್ಲೂಕಿನ ಗಡಿಯನ್ನು ನೋಡದೆ ಯಾರು ಎಲ್ಲಿಗಾದರೂ ಹೋಗಬಹುದೆಂಬ ವ್ಯವಸ್ಥೆ ಮಾಡಿದರೆ, ನೂರಾರು ಖಾಲಿ ಕೋಣೆಗಳಿಗಿಂತ ಹೆಚ್ಚು ಪ್ರಯೋಜನವಾಗುತ್ತದೆ. ಗುರಿ ನಿಗದಿಪಡಿಸಲೇಬೇಕಾದರೆ ಪಂಚಾಯತಿಯ ಪಟ್ಟಿಯನ್ನು ಬದಿಗಿಟ್ಟು ಬಸ್ಸಿನ ವೇಳಾಪಟ್ಟಿಯನ್ನು ಎದುರಿಗಿಟ್ಟುಕೊಳ್ಳಬೇಕೆಂದು ವಿನಂತಿ.

ಬಸ್ಸಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ, ಸರ್ಕಾರಿ ಬಸ್ಸು ಓಡುವ ಮಾರ್ಗಗಳ ಕೂಟಗಳಿಗೆ ಹೆಂಗಸರು ಯಾರ ಬಳಿಯೂ ದುಡ್ಡು ಕೇಳದೆ ಬರುವಂತಾಗಿದೆ. ಕಾಯಿಲೆಯ ಹೆಣ್ಣುಮಗಳ ಕೈಯಲ್ಲಿ ಮನೆಯವರು ಇಪ್ಪತ್ತು ರೂಪಾಯಿಯನ್ನೂ ಕೊಡದ ಸಂದರ್ಭಗಳಿರುತ್ತವೆ ಎಂಬುದನ್ನು ನೆನೆದರೆ ಇದು ಎಷ್ಟು ದೊಡ್ಡ ಅನುಕೂಲವೆಂದು ತಿಳಿಯುತ್ತದೆ. ಆದರೆ ಮಲೆನಾಡಿನ ಅನೇಕ ಒಳಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ. ಅಲ್ಲಿ ಶಕ್ತಿ ಅನ್ವಯಿಸುವುದಿಲ್ಲ. ಆ ಮಾರ್ಗಗಳಿಂದ ಬರುವವರಿಗೆ ಪ್ರಯಾಣದ ಖರ್ಚನ್ನು ಸ್ಥಳದಲ್ಲೇ, ರಸೀದಿಯ ತಾಪತ್ರಯವಿಲ್ಲದೆ ಕೊಡಲು ಒಂದು ಸಣ್ಣ ನಿಧಿ ಬೇಕು. ಇಂಥದ್ದಕ್ಕೆ ದುಡ್ಡು ಕೊಡುವವರು ಬಹಳ ಕಡಿಮೆ, ಏಕೆಂದರೆ ಬಸ್ಸಿನ ಟಿಕೆಟ್ಟಿನ ಮೇಲೆ ದಾನಿಗಳ ಹೆಸರು ಬರೆಸಲಾಗುವುದಿಲ್ಲ.

ಕೂಟ ನಡೆಸುವವರ ವಿಚಾರಕ್ಕೆ ಬರುತ್ತೇನೆ; ಬೆಳವಣಿಗೆಯ ನಿಜವಾದ ಗಂಟು ಇರುವುದು ಇಲ್ಲಿಯೇ. ಕಾಯಿಲೆಯ ಅನುಭವವಿದ್ದ ಮಾತ್ರಕ್ಕೆ ಯಾರೂ ಇದಕ್ಕೆ ಯೋಗ್ಯರಾಗುವುದಿಲ್ಲ. ತನ್ನ ಕಥೆಯನ್ನು ಹೇಳಿಕೊಳ್ಳುವ ಆಸೆಯನ್ನು ಹತ್ತಿಕ್ಕಿ ಇನ್ನೊಬ್ಬರದನ್ನು ಕೇಳುವುದು, ಅಳುವವರನ್ನು ಅವಸರದಲ್ಲಿ ಸಮಾಧಾನಪಡಿಸದಿರುವುದು, ಜೀವ ಬೇಡವೆಂಬ ಮಾತು ಬಂದಾಗ ಗಾಬರಿಯಾಗದೆ ನೇರವಾಗಿ ವಿಚಾರಿಸಿ, ಆ ದಿನವೇ ವೈದ್ಯರ ಬಳಿಗೆ ಜೊತೆಯಲ್ಲಿ ಹೋಗುವುದು: ಇವೆಲ್ಲ ಕಲಿಯಬೇಕಾದ ವಿದ್ಯೆಗಳು. ನಮ್ಮಲ್ಲಿ ಒಬ್ಬರು ಮೊದಲು ಸದಸ್ಯರಾಗಿ ಕೂರುತ್ತಾರೆ, ಬಳಿಕ ನುರಿತವರ ಜೊತೆಯಲ್ಲಿ ನಡೆಸುತ್ತಾರೆ, ಆಮೇಲಷ್ಟೆ ಜವಾಬ್ದಾರಿ ವಹಿಸಿಕೊಳ್ಳುತ್ತಾರೆ. ನಡೆಸುವವರೂ ಮತ್ತೆ ಕಾಯಿಲೆ ಬೀಳಬಹುದು. ಆಗ ನಾಚಿಕೆಯಿಲ್ಲದೆ ರಜೆ ಪಡೆದು, ಸುಧಾರಿಸಿಕೊಂಡು ಮರಳುವ ಅವಕಾಶ ಇರಬೇಕು. ಪ್ರತಿ ಕೂಟಕ್ಕೂ ಇಬ್ಬರು ಬೇಕೆನ್ನುವುದು ಇದಕ್ಕಾಗಿಯೇ. ಇವರ ಮನಸ್ಸಿನ ಭಾರವನ್ನು ಇಳಿಸಿಕೊಳ್ಳಲು ತಿಂಗಳಿಗೊಮ್ಮೆ ಅನುಭವಿ ಆಪ್ತಸಮಾಲೋಚಕರೊಬ್ಬರು ಸಿಗಬೇಕು. ಎರಡು ದಿನದ ಕಾರ್ಯಾಗಾರ ಮಾಡಿ ಪ್ರಮಾಣಪತ್ರ ಹಂಚಿದರೆ ಈ ಯಾವುದೂ ಆಗುವುದಿಲ್ಲ.

ಇದು ಬೇರೆಡೆ ಆಗಿರುವ ಕೆಲಸವೇ. ಗುಜರಾತಿನ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ, ಕಾಯಿಲೆಯಿಂದ ಚೇತರಿಸಿಕೊಂಡವರನ್ನೇ ತರಬೇತುಗೊಳಿಸಿ ಇತರ ರೋಗಿಗಳ ನೆರವಿಗೆ ನಿಲ್ಲಿಸಲಾಗಿದೆ. ಅದೇ ರಾಜ್ಯದ ಮೆಹ್ಸಾಣಾ ಜಿಲ್ಲೆಯ ಹಳ್ಳಿಗಳಲ್ಲಿ ಸ್ಥಳೀಯ ಸ್ವಯಂಸೇವಕರನ್ನೇ ಆಧರಿಸಿ ನಡೆದ ‘ಆತ್ಮೀಯತಾ’ ಎಂಬ ಕಾರ್ಯಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 2021ರ ತನ್ನ ಮಾರ್ಗದರ್ಶಿಯಲ್ಲಿ ಒಳ್ಳೆಯ ಮಾದರಿಗಳಲ್ಲೊಂದಾಗಿ ವಿವರಿಸಿದೆ. ನಮ್ಮ ರಾಜ್ಯದ ಪಾಲೂ ಕಡಿಮೆಯದಲ್ಲ: 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ಮಾದರಿಯಲ್ಲಿ ಕಾಯಿಲೆಯವರು ಚಿಕಿತ್ಸೆ ಪಡೆಯುವವರಾಗಿದ್ದರೇ ಹೊರತು ಕೆಲಸಗಾರರಾಗಿರಲಿಲ್ಲ. ಅದರ ಮುಂದಿನ ಹೆಜ್ಜೆಯನ್ನು ಶಿವಮೊಗ್ಗ ಇಡಬಹುದು.

ಕೆಲಸಗಾರರೆಂದ ಮೇಲೆ ಗೌರವಧನದ ಪ್ರಶ್ನೆ ಏಳುತ್ತದೆ. ಸೇವೆಗೆ ದುಡ್ಡೇಕೆ ಎಂದು ಕೇಳುವವರಿದ್ದಾರೆ. ಆಶಾ ಕಾರ್ಯಕರ್ತೆಯರನ್ನು ಸ್ವಯಂಸೇವಕಿಯರೆಂದು ಕರೆದು ಅವರಿಂದ ಎಷ್ಟು ದುಡಿಸಿಕೊಳ್ಳಲಾಗಿದೆ ಎಂಬುದು ಅವರು ಬೀದಿಗಿಳಿದಾಗಲೆಲ್ಲ ನಮಗೆ ಕಾಣುತ್ತಲೇ ಇದೆ. ನಮ್ಮಲ್ಲಿ ಕೂಟ ನಡೆಸುವವರ ಪೈಕಿ ಹೆಚ್ಚಿನವರು ಕಾಯಿಲೆಯ ಕಾರಣದಿಂದಲೇ ಓದನ್ನೋ ನೌಕರಿಯನ್ನೋ ಕಳೆದುಕೊಂಡವರು. ಒಂದು ದಿನದ ಕೂಲಿ ಬಿಟ್ಟು ಬರುವವರಿಗೆ ಆ ದಿನದ ಕೂಲಿಯನ್ನಾದರೂ ಕೊಡದೆ ವಿಸ್ತರಣೆಯ ಮಾತಾಡುವುದು ಸರಿಯಲ್ಲ. ಉಚಿತ ಸೇವೆಯನ್ನೇ ಷರತ್ತು ಮಾಡಿದರೆ ಮನೆಯಲ್ಲಿ ತೋಟವೋ ಪಿಂಚಣಿಯೋ ಇದ್ದವರು ಮಾತ್ರ ಉಳಿದುಕೊಳ್ಳುತ್ತಾರೆ; ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸ ಹೋದ ಮನೆಯವರೂ ತೋಟದ ಕೂಲಿಯವರೂ ತಮ್ಮಂಥವರನ್ನು ಅಲ್ಲಿ ಕಾಣುವುದಿಲ್ಲ.

ಹೆಸರು ಬರೆಯುವ ಹಾಜರಾತಿ ಪುಸ್ತಕ ಬೇಡವೆಂದು ನಾವು ಹಟ ಹಿಡಿಯುತ್ತೇವೆಂಬ ದೂರು ತಮಗೆ ತಲುಪಿರಬಹುದು. ಅದು ನಿಜ, ಮುಂದೆಯೂ ಹಿಡಿಯುತ್ತೇವೆ. ನೆರವು ಕೊಡಲು ಮುಂದೆ ಬಂದ ಸಂಸ್ಥೆಯೊಂದು ಪ್ರತಿ ಸಭೆಯ ಛಾಯಾಚಿತ್ರವನ್ನೂ, ಬಂದವರ ಹೆಸರು, ಊರು, ಆಧಾರ್ ಸಂಖ್ಯೆಯನ್ನೂ ಕೇಳಿತು. ನಾವು ಆ ಹಣವನ್ನು ಬಿಟ್ಟುಕೊಟ್ಟೆವು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಪ್ರಕರಣವು ಕಾಯಿಲೆ ಮತ್ತು ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಆಸ್ಪತ್ರೆಗೆ ಅನ್ವಯಿಸುವ ಈ ಶಿಸ್ತು ಕೂಟಕ್ಕೆ ಇನ್ನೂ ಹೆಚ್ಚು ಬೇಕು, ಏಕೆಂದರೆ ನಮ್ಮಲ್ಲಿ ಗುಟ್ಟು ಕಾಯುವುದಕ್ಕೆ ವೃತ್ತಿಯ ಪ್ರಮಾಣವಚನವಿಲ್ಲ, ಪರಸ್ಪರರ ಮೇಲಿನ ವಿಶ್ವಾಸ ಮಾತ್ರ ಇದೆ. ಹಾಗೆಂದು ಲೆಕ್ಕ ಕೊಡುವುದಿಲ್ಲವೆಂದಲ್ಲ. ಎಷ್ಟು ಸಭೆಗಳು ನಡೆದವು, ಎಷ್ಟು ಮಂದಿ ಕುಳಿತಿದ್ದರು, ಬಿಟ್ಟ ಚಿಕಿತ್ಸೆಗೆ ಎಷ್ಟು ಮಂದಿ ಮರಳಿದರು, ಹಣ ಯಾವುದಕ್ಕೆ ಖರ್ಚಾಯಿತು ಎಂಬುದನ್ನು ಹೆಸರಿಲ್ಲದೆ, ಲೆಕ್ಕಪರಿಶೋಧಕರ ಸಹಿಯೊಡನೆ ಕೊಡಬಲ್ಲೆವು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ತರುವವರಿಗೂ ಇದೇ ಮಾತು. ಅವರು ಕಟ್ಟಡ ಕಟ್ಟಿಸಿಕೊಡುತ್ತೇವೆಂದರೆ ದಯವಿಟ್ಟು ಬೇಡ. ದೊಡ್ಡ ಅಕ್ಷರಗಳ ಫಲಕವಿರುವ ಕಟ್ಟಡದ ಮೆಟ್ಟಿಲನ್ನು ನಮ್ಮವರು ಹತ್ತುವುದಿಲ್ಲ. ಅದೇ ಹಣವನ್ನು ಮೂರು ವರ್ಷಗಳಿಗೆ ಹಂಚಿ, ಗೌರವಧನಕ್ಕೂ ಪ್ರಯಾಣಕ್ಕೂ ತರಬೇತಿಗೂ ಕೊಡಲಿ.

ವೈದ್ಯರಲ್ಲಿ ಕೆಲವರಿಗೆ ನಮ್ಮ ಬಗ್ಗೆ ಇರುವ ಅಳುಕು ಸಹಜವಾದದ್ದು: ಇವರು ಮಾತ್ರೆ ಬಿಡಿಸುತ್ತಾರೇನೋ, ತಾವೇ ಡಾಕ್ಟರಾಗುತ್ತಾರೇನೋ ಎಂದು. ಕೂಟದಲ್ಲಿ ಯಾರೂ ಕಾಯಿಲೆಯ ಹೆಸರು ನಿರ್ಧರಿಸುವುದಿಲ್ಲ, ಮಾತ್ರೆಯ ಪ್ರಮಾಣ ಬದಲಿಸಲು ಹೇಳುವುದಿಲ್ಲ, ಯಾರನ್ನೂ ಇರಿಸಿಕೊಂಡು ಆರೈಕೆ ಮಾಡುವುದೂ ಇಲ್ಲ. ಚೌಡಿಗೆ ಹರಕೆ ಹೊತ್ತವರನ್ನು, ಮೈಮೇಲೆ ದೇವರು ಬರುವ ಪಾತ್ರಿಯ ಬಳಿ ಕೇಳಿಸಿದವರನ್ನು ನಾವು ಹೀಗಳೆಯುವುದೂ ಇಲ್ಲ. ಹೋಗಿಬನ್ನಿ, ಮಾತ್ರೆ ಮಾತ್ರ ತಪ್ಪಿಸಬೇಡಿ ಎನ್ನುತ್ತೇವೆ. ಪ್ರತಿಯಾಗಿ ವೈದ್ಯರಿಂದ ನಮಗೆ ಬೇಕಾದದ್ದು ಎರಡು. ತುರ್ತು ಸಂದರ್ಭದಲ್ಲಿ ಫೋನಿಗೆ ಸಿಗುವ ಒಬ್ಬ ನಿರ್ದಿಷ್ಟ ವ್ಯಕ್ತಿ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿರಲಿ. ಆತ್ಮಹತ್ಯೆಗೆ ಯತ್ನಿಸಿದವರನ್ನು ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೇ ತರದ ಮನೆಗಳು ಇಂದಿಗೂ ಇವೆ. ಬೇರೆ ರೀತಿ ಸಾಬೀತಾಗದ ಹೊರತು ಅಂಥ ಯತ್ನವನ್ನು ತೀವ್ರ ಒತ್ತಡದ ಫಲವೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಸರ್ಕಾರವೇ ಆರೈಕೆ ಒದಗಿಸಬೇಕು ಎಂದು ಕಾಯ್ದೆಯ 115ನೇ ಪ್ರಕರಣ ಹೇಳುತ್ತದೆ; ಇದನ್ನು ಆಸ್ಪತ್ರೆಯ ಸಿಬ್ಬಂದಿಯೂ ಠಾಣೆಯವರೂ ಮನೆಯವರಿಗೆ ಬಾಯಿಬಿಟ್ಟು ಹೇಳುವಂತಾಗಲಿ. ಎರಡನೆಯದು ಔಷಧಿ. ಜೂನ್‌ನಿಂದ ಆಗಸ್ಟ್‌ವರೆಗೆ ಆಗುಂಬೆ, ಹುಲಿಕಲ್, ಕರೂರು ಸೀಮೆಗಳಲ್ಲಿ ಮರ ಬಿದ್ದು ದಾರಿ ಕಟ್ಟುತ್ತದೆ, ಕರೆಂಟು ಹೋಗುತ್ತದೆ, ಫೋನು ಸತ್ತುಬೀಳುತ್ತದೆ. ಆ ತಿಂಗಳುಗಳಲ್ಲೇ ತಾಲ್ಲೂಕಿನ ಕೌಂಟರಿನಲ್ಲಿ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಎಂಬ ಉತ್ತರ ಸಿಕ್ಕರೆ, ಮುಂದಿನ ವಾರದೊಳಗೆ ಕಾಯಿಲೆ ಮರುಕಳಿಸಿರುತ್ತದೆ. ಮೇ ತಿಂಗಳಲ್ಲೇ ದಾಸ್ತಾನು ಮಾಡಿಕೊಂಡು, ವೈದ್ಯರು ಸುರಕ್ಷಿತವೆಂದು ಒಪ್ಪಿದವರಿಗೆ ಹೆಚ್ಚು ದಿನಗಳ ಮಾತ್ರೆಯನ್ನು ಮನೆಯವರ ಕೈಗೆ ಒಟ್ಟಿಗೆ ಕೊಡುವ ಪದ್ಧತಿಯನ್ನು ಜಾರಿಗೆ ತರಬೇಕು.

ನಮ್ಮನ್ನು ಸಭೆಗೆ ಕರೆಯುವಾಗ ಫಲಾನುಭವಿಗಳೆಂದು ಹಿಂದಿನ ಸಾಲಿನಲ್ಲಿ ಕೂರಿಸುವುದು ರೂಢಿಯಾಗಿದೆ. ಕಾಯಿಲೆಯವರ ಹಕ್ಕುಗಳನ್ನು ಕಾಯುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಆರು ಸ್ಥಾನಗಳಲ್ಲಿ ಎರಡನ್ನು, ಕಾಯಿಲೆಯ ಅನುಭವವಿರುವವರಿಗೆ, ಆರೈಕೆದಾರರಿಗೆ ಅಥವಾ ಅವರ ಸಂಘಟನೆಗಳ ಪ್ರತಿನಿಧಿಗಳಿಗೆ ಸಂಸತ್ತೇ ಕಾಯ್ದೆಯಲ್ಲಿ ಬರೆದುಕೊಟ್ಟಿದೆ. ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದ ಪ್ರಗತಿ ಪರಿಶೀಲನೆ ನಡೆಯುವಾಗಲೂ ಅಷ್ಟೇ ಸ್ಥಾನಗಳನ್ನು ಕೊಟ್ಟರೆ, ಔಷಧಿ ಎಲ್ಲಿ ಮುಗಿದಿದೆ, ಯಾವ ಮಂಗಳವಾರ ವೈದ್ಯರು ಬರಲಿಲ್ಲ ಎಂಬುದು ವರದಿಗಾಗಿ ಕಾಯದೆ ತಮಗೆ ತಿಳಿಯುತ್ತದೆ.

ಸಾರ್ವಜನಿಕರಲ್ಲಿ ಒಂದೇ ಕೋರಿಕೆ. ಅಡಿಕೆ ಮಂಡಿಯ ಮೇಲಿನ ಕೋಣೆ, ಸೇವಾ ಸಹಕಾರ ಸಂಘದ ಸಭಾಭವನ, ಶಾಲೆ ಬಿಟ್ಟ ಮೇಲಿನ ತರಗತಿ, ಗ್ರಂಥಾಲಯದ ಹಿಂಬದಿಯ ಕೊಠಡಿ, ಯಾವುದಾದರೂ ಸರಿ, ಹದಿನೈದು ದಿನಕ್ಕೊಮ್ಮೆ ಎರಡು ಗಂಟೆ ಬಾಗಿಲು ತೆರೆದುಕೊಡಿ. ಎರಡು ಬಾಗಿಲಿರುವ ಜಾಗವಾದರೆ ಇನ್ನೂ ಒಳ್ಳೆಯದು. ಒಳಗೆ ಯಾರು ಬಂದಿದ್ದರೆಂದು ಕೀಲಿಕೈ ಕೊಟ್ಟವರೂ ಕೇಳಬಾರದು.

ಮೊದಲ ಹಂತದಲ್ಲಿ ತಾಲ್ಲೂಕಿಗೊಂದು ಕೂಟ ನೆಲೆಗೊಳಿಸುವ ಕರಡು ಯೋಜನೆಯನ್ನೂ, ವರ್ಷವಾರು ಖರ್ಚಿನ ಅಂದಾಜನ್ನೂ ಈ ಪತ್ರದ ಜೊತೆಯಲ್ಲಿ ಜಿಲ್ಲಾ ಪಂಚಾಯತಿ ಕಚೇರಿಗೆ ಸಲ್ಲಿಸುತ್ತಿದ್ದೇವೆ. ಅಡಿಕೆ ಕೊಯ್ಲು ಆರಂಭವಾದರೆ ನಮ್ಮ ಸದಸ್ಯರಲ್ಲಿ ಬಹುಪಾಲು ಮಂದಿಗೆ ತಿಂಗಳುಗಟ್ಟಲೆ ಬಿಡುವಿರುವುದಿಲ್ಲವಾದ್ದರಿಂದ, ಚರ್ಚೆಗೆ ಕರೆಯುವುದಾದರೆ ಅದಕ್ಕೂ ಮುಂಚಿನ ಯಾವುದಾದರೂ ದಿನವನ್ನು, ಮಂಗಳವಾರವನ್ನು ಬಿಟ್ಟು, ಗೊತ್ತುಮಾಡಬೇಕೆಂದು ಕೋರುತ್ತೇನೆ. ಮಂಗಳವಾರ ನಾವು ತಾಲ್ಲೂಕು ಆಸ್ಪತ್ರೆಯ ಸರದಿಯಲ್ಲಿರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಬಳಗದ ಪರವಾಗಿ, ಕೂಟ ನಡೆಸುವ ಒಬ್ಬ ಸದಸ್ಯ
ಶಿವಮೊಗ್ಗ ಜಿಲ್ಲೆ